ಐದು ಈಡಿನ ಕೋವಿ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ತಪ್ಪು ಸಾಧನೆಯದೋ, ಸಾಧಕನದೋ?"

"ಬಿಡಿಸಿ ಹೇಳು" ಎಂದರು ಗುರುಗಳು.

"ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಮೊದಲು ಜಪ ಹಿಡಿದೆ. ಮಣಿ ಸರಿಯಿತು, ಮನಸ್ಸು ನಿಲ್ಲಲಿಲ್ಲ. ಅದನ್ನು ಬಿಟ್ಟು ಅಧ್ಯಯನ ಹಿಡಿದೆ. ಬಾಯಿಗೆ ಬಂತು, ಒಳಗೆ ಇಳಿಯಲಿಲ್ಲ. ಆಮೇಲೆ ಧ್ಯಾನ. ಕಾಲು ಜೋಮು ಹಿಡಿಯುತ್ತದೆ ಎಂಬುದೊಂದು ಗೊತ್ತಾಯಿತು. ನನ್ನ ಹಿಂದೆ ಬಂದವರು ಮುಂದೆ ಹೋದರು. ಅವರು ಹಿಡಿದದ್ದೂ ಇವನ್ನೇ. ಉತ್ತರದ ಕಡೆ ಬೇರೊಂದು ಕ್ರಮವಿದೆಯಂತೆ. ಸುಲಭವಂತೆ. ಅಲ್ಲಿಗೆ ಹೋಗಲೇ? ಇಲ್ಲ, ನಾನೇ ಆಗದವನೇ? ತಿಳಿಯುತ್ತಿಲ್ಲ."

ಗುರುಗಳು ಕೇಳಿದರು:

"ಕೋವಿ ಹಿಡಿದಿದ್ದೀಯಾ?"

"ಇಲ್ಲ."

"ಹಕ್ಕಿ ಹೊಡೆಯುವ ಕೋವಿ ಕೊಂಡವನ ಕತೆ ಹೇಳುತ್ತೇನೆ."

ಶಿಷ್ಯ ತಬ್ಬಿಬ್ಬಾದ. "ಆಶ್ರಮದಲ್ಲಿ ಬೇಟೆಯ ಕತೆಯೇ, ಗುರುಗಳೇ?"

"ಆ ಹಕ್ಕಿ ಸತ್ತು ಬಹಳ ವರ್ಷವಾಯಿತು. ಕೂತುಕೋ."

ಶಿಷ್ಯ ಕುಳಿತ. ಗುರುಗಳು ಹೇಳಿದರು.

ಒಂದು ದೊಡ್ಡ ಕೆರೆ. ಚಳಿಗಾಲದಲ್ಲಿ ಅಲ್ಲಿಗೆ ದೂರದಿಂದ ಬಾತುಗಳು ಬಂದು ಇಳಿಯುತ್ತಿದ್ದವು. ಆಗ ಹಕ್ಕಿ ಹೊಡೆಯುವುದಕ್ಕೆ ತಡೆ ಇರಲಿಲ್ಲ. ಕೆರೆಯ ಏರಿಯ ಮೇಲೆ ಒಂಬತ್ತು ಠಾವುಗಳಿದ್ದವು. ಠಾವು ಎಂದರೆ ಕೋವಿ ಹಿಡಿದವನು ನಿಲ್ಲುವ ಜಾಗ. ಒಂದು ಠಾವು ಒಂದು ಮನೆಗೆ. ಅಪ್ಪನಿಂದ ಮಗನಿಗೆ. ಚಳಿಗಾಲಕ್ಕೆ ಐದು ದಿನ ಬೇಟೆ. ಒಂಬತ್ತು ಜನವೂ ಒಟ್ಟಿಗೆ ನಿಲ್ಲುತ್ತಿದ್ದರು.

ಕೋವಿಯಿಂದ ಹೊರಟು ಗುರಿ ತಪ್ಪಿದ ಈಡು ಹಕ್ಕಿಯನ್ನು ಬೆದರಿಸುತ್ತದೆ. ಒಬ್ಬ ತಪ್ಪಿದರೆ ಎಂಟು ಜನರ ಹಕ್ಕಿ ಓಡುತ್ತದೆ. ಅದಕ್ಕೆ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಸಾಲಾಗಿ ಮೂರು ಚಳಿಗಾಲ ಒಂದು ಹಕ್ಕಿಯನ್ನೂ ಬೀಳಿಸದವನು ಠಾವು ಬಿಡಬೇಕು. ಬಿಟ್ಟ ಠಾವು ಆ ಮನೆಗೆ ಮತ್ತೆ ಬರುವುದಿಲ್ಲ.

ಅಲ್ಲಿ ಒಬ್ಬ ರೈತನಿದ್ದ. ಮೂರನೆಯ ಠಾವು ಅವನ ಮನೆಯದು. ಅವನ ಅಪ್ಪ ಮೂವತ್ತು ವರ್ಷ ಅಲ್ಲಿ ನಿಂತಿದ್ದ. ಏರಿಯ ಮೇಲೆ ಅವನಂಥ ಗುರಿಕಾರ ಇನ್ನೊಬ್ಬನಿರಲಿಲ್ಲ. ಕೋವಿಯನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದ ಮೇಲೆ ಒಂದು ದಿನ ತನ್ನ ಜೋಡುನಳಿಗೆ ಕೋವಿಯನ್ನು ಮಗನ ಕೈಗೆ ಕೊಟ್ಟ. "ಠಾವು ಕಾಪಾಡು" ಎಂದ. ಅಷ್ಟೇ ಹೇಳಿದ.

ಮಗ ಹೊಡೆದ. ಹಕ್ಕಿ ಬೀಳಲಿಲ್ಲ. ನಳಿಗೆಯ ತುದಿಯಲ್ಲಿ ಹಕ್ಕಿ ಕಾಣುತ್ತಿತ್ತು. ಈಡು ಹೊರಡುತ್ತಿತ್ತು. ಹಕ್ಕಿ ಹಾರಿ ಹೋಗುತ್ತಿತ್ತು. ಒಂದು ಚಳಿಗಾಲ ಹೀಗೇ ಕಳೆಯಿತು. ಎರಡನೆಯದೂ ಹೀಗೇ ಕಳೆಯಿತು.

ಐದನೆಯ ಠಾವಿನವನು ಬಾಯಿ ಬಿಟ್ಟರೆ ಹಾಸ್ಯ. "ಬಾತುಗಳು ಮಕ್ಕಳಿಗೆ ಹೇಳಿಕೊಟ್ಟು ಬಿಟ್ಟಿವೆ ಕಣಪ್ಪ. ಕೆರೆಗೆ ಹೋದ್ರೆ ಮೂರನೇ ಠಾವಿನ ಮೇಲೇ ಹಾರಿ, ಅಲ್ಲಿ ಭಯ ಇಲ್ಲ ಅಂತ."

ರೈತ ನಗಲಿಲ್ಲ. ಉಳಿದದ್ದು ಒಂದೇ ಚಳಿಗಾಲ. ಅವನು ಯೋಚಿಸಿದ. ಜೋಡುನಳಿಗೆಯಲ್ಲಿ ಎರಡು ಈಡು. ಎರಡು ತಪ್ಪಿದರೆ ಕೋವಿ ಮಡಿಸಿ ಖಾಲಿ ತೋಟಾ ತೆಗೆಯಬೇಕು, ಹೊಸದು ತುಂಬಬೇಕು. ಅಷ್ಟರಲ್ಲಿ ಹಕ್ಕಿ ಆಚೆ ದಡ ಸೇರುತ್ತದೆ. ಪಟ್ಟಣದಲ್ಲಿ ಆಟೋಮ್ಯಾಟಿಕ್ ಕೋವಿ ಸಿಗುತ್ತದೆ ಎಂದು ಕೇಳಿದ್ದ. ಬೆರಳು ಒತ್ತಿದರೆ ಒಂದು ಈಡು. ಖಾಲಿ ತೋಟಾ ತಾನೇ ಹೊರಗೆ ಹಾರುತ್ತದೆ. ಮುಂದಿನದು ತಾನೇ ಒಳಗೆ ಬರುತ್ತದೆ. ಹೀಗೆ ಐದು. ಐದರಲ್ಲಿ ಒಂದು ತಾಗದೆ ಇದ್ದೀತೇ ಎಂದುಕೊಂಡ.

ಪಟ್ಟಣಕ್ಕೆ ಹೋದ. ಕೋವಿಯ ವ್ಯಾಪಾರಿ ಮೂರನ್ನು ಮುಂದಿಟ್ಟ. ಒಂದು ಬಹಳ ದುಬಾರಿ. ಅದರ ಮರ ಕನ್ನಡಿಯಂತಿತ್ತು. ಇನ್ನೊಂದು ತೀರ ಅಗ್ಗ. ಅದರ ನಳಿಗೆಯೊಳಗೆ ತುಕ್ಕು ತಿಂದಿತ್ತು. ಮೂರನೆಯದು ನಡುವಿನದು. ಮರ ಒರಟು, ಕಬ್ಬಿಣ ಗಟ್ಟಿ, ಬೆಲೆ ಕೈಗೆ ಎಟುಕುವಂಥದು.

ರೈತ ತೂಕ ಕೇಳಿದ. ನಳಿಗೆಯ ಉದ್ದ ಕೇಳಿದ. ಕಾಗದದ ತೋಟಾ ಇಬ್ಬನಿಗೆ ಉಬ್ಬಿದರೆ ಒಳಗೆ ಸಿಕ್ಕಿಕೊಳ್ಳುತ್ತದೆಯೇ ಎಂದು ಕೇಳಿದ. ಊರಿಗೆ ಹೋದ. ಮತ್ತೆ ಬಂದ. ಸ್ಪ್ರಿಂಗು ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದ. ಮತ್ತೆ ಹೋದ. ಒಬ್ಬ ಉದ್ದ ನಳಿಗೆ ಎಂದ, ಇನ್ನೊಬ್ಬ ಗಿಡ್ಡ ನಳಿಗೆ ಎಂದ. ಕೇಳಿದಷ್ಟೂ ತಲೆ ಕೆಟ್ಟಿತು. ನಾಲ್ಕನೆಯ ಸಲ ಬಂದಾಗ ವ್ಯಾಪಾರಿ ನಕ್ಕ.

"ಯಜಮಾನ್ರೇ, ಹೆಣ್ಣು ನೋಡೋಕೂ ಇಷ್ಟು ಸಲ ಹೋಗಿದ್ರಾ?"

"ಹೆಣ್ಣು ನೋಡಿದ್ದು ನಮ್ಮಪ್ಪ" ಎಂದ ರೈತ.

ಕೊನೆಗೆ ನಡುವಿನದನ್ನೇ ತೆಗೆದುಕೊಂಡ. ಅಪ್ಪನ ಜೋಡುನಳಿಗೆಯನ್ನು ಬದಲಿಗೆ ಕೊಟ್ಟ. ಅದೂ ಸಾಲದೆ ಹಾಲು ಕರೆಯುವ ಎಮ್ಮೆಯನ್ನು ಮಾರಿದ. ಒಳ್ಳೆಯ ಕೋವಿಯನ್ನೇ ಆರಿಸಿದ್ದ. ಅದರಲ್ಲಿ ತಪ್ಪಿಲ್ಲ.

ಮೂರನೆಯ ಚಳಿಗಾಲ ಬಂತು. ಮೊದಲ ದಿನ ಐದು ಈಡು ಹಾರಿಸಿದ. ಐದೂ ತಪ್ಪಿದವು. ಕೋವಿ ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ.

"ಮೊದಲು ಎರಡು ತಪ್ತಿದ್ದ. ಈಗ ಅಷ್ಟೇ ಹೊತ್ತಲ್ಲಿ ಐದು ತಪ್ತಾನೆ. ಕೋವಿ ಭಾಳ ಚೆನ್ನಾಗಿದೆ" ಎಂದ ಐದನೆಯ ಠಾವಿನವನು.

ಎರಡನೆಯ ದಿನ, ಮೂರನೆಯ ದಿನ, ನಾಲ್ಕನೆಯ ದಿನ. ಹಕ್ಕಿ ಬೀಳಲಿಲ್ಲ. ಇನ್ನು ಒಂದೇ ದಿನ ಉಳಿಯಿತು. ಅದಕ್ಕೆ ಒಂದು ವಾರವಿತ್ತು.

ರೈತ ಕೋವಿಯನ್ನು ಎರಡು ಕಲ್ಲುಗಳ ನಡುವೆ ಬಿಗಿದು, ದೂರದಲ್ಲಿ ಮಡಕೆ ಇಟ್ಟು ಹಾರಿಸಿದ. ಮಡಕೆ ಚೂರಾಯಿತು. ಕೋವಿ ಸರಿ. ಪಕ್ಕದ ಠಾವಿನವನ ಕೈಗೆ ಕೊಟ್ಟ. ಅವನು ಹಾರುವ ಪಾರಿವಾಳವನ್ನು ಬೀಳಿಸಿ ಕೋವಿ ಹಿಂದಕ್ಕೆ ಕೊಟ್ಟ. ಹಾಗಾದರೆ ಕಣ್ಣೇ? ದೀಪವಿಲ್ಲದೆ ಸೂಜಿಗೆ ದಾರ ಪೋಣಿಸಿದ. ಕಣ್ಣು ಸರಿ. ಕೈ ನಡುಗುತ್ತದೆಯೇ? ತುಂಬಿದ ಲೋಟವನ್ನು ಅಂಗೈ ಮೇಲಿಟ್ಟು ಅಂಗಳ ಸುತ್ತಿದ. ಒಂದು ಹನಿ ಚೆಲ್ಲಲಿಲ್ಲ.

ಕೋವಿ ಸರಿ, ಕಣ್ಣು ಸರಿ, ಕೈ ಸರಿ. ಮೂರೂ ಸೇರಿದರೆ ತಪ್ಪು. ರೈತನಿಗೆ ದಿಕ್ಕು ತೋಚಲಿಲ್ಲ. ಯಾವುದಾದರೂ ಒಂದು ಕೆಟ್ಟಿದ್ದರೆ ಸರಿಮಾಡಬಹುದಿತ್ತು.

ಪಕ್ಕದ ಊರಿನಲ್ಲಿ ಕೋವಿ ದುರಸ್ತಿ ಮಾಡುವ ಮುದಿ ಕಮ್ಮಾರನಿದ್ದ. ರೈತ ಅವನ ಬಳಿಗೆ ಹೋಗಿ ಕೋವಿಯನ್ನು ಇಟ್ಟ. ಕಮ್ಮಾರ ಕೋವಿಯನ್ನು ಮುಟ್ಟಲಿಲ್ಲ.

"ಆ ಗೋಡೆ ಮೇಲಿನ ಮೊಳೆ ಕಾಣ್ತದಾ? ಎರಡು ಕಣ್ಣೂ ಬಿಟ್ಕೊಂಡು ಬೆರಳು ತೋರ್ಸು."

ರೈತ ತೋರಿಸಿದ.

"ಬಲಗಣ್ಣು ಮುಚ್ಚು."

ಮುಚ್ಚಿದ. ಬೆರಳು ಮೊಳೆಯ ಮೇಲೇ ಇತ್ತು.

"ಈಗ ಅದನ್ನ ಬಿಟ್ಟು ಎಡಗಣ್ಣು ಮುಚ್ಚು."

ಮುಚ್ಚಿದ. ಬೆರಳು ಮೊಳೆಯನ್ನು ಬಿಟ್ಟು ಎಡಕ್ಕೆ ಸರಿದಿತ್ತು. ರೈತ ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದ. ಅಷ್ಟೇ ಸರಿಯಿತು.

"ಗುರಿ ಹಿಡಿಯೋದು ನಿನ್ನ ಎಡಗಣ್ಣು" ಎಂದ ಕಮ್ಮಾರ. "ಕೋವಿ ಇಡೋದು ಬಲ ಹೆಗಲಿಗೆ. ಒಂದು ಕಣ್ಣು ಹಕ್ಕಿ ನೋಡ್ತದೆ, ಕೋವಿ ಇನ್ನೊಂದು ಕಣ್ಣಿನ ಕೆಳಗಿದೆ. ಈಡು ಪ್ರತಿ ಸಲ ಎಡಕ್ಕೆ ಹೋಗ್ತದೆ. ಐದಲ್ಲ, ಐವತ್ತು ಹಾರ್ಸು, ಎಡಕ್ಕೇ ಹೋಗ್ತದೆ."

"ಎಡಗಣ್ಣು ಮುಚ್ಕೊಂಡು ಹೊಡೆದ್ರೆ?"

"ಒಂಟಿ ಕಣ್ಣಿಗೆ ದೂರ ತಿಳಿಯಲ್ಲ. ಕೂತ ಹಕ್ಕಿಗೆ ಆದೀತು. ಹಾರೋ ಹಕ್ಕಿಗೆ ಆಗಲ್ಲ. ಕೋವಿನ ಎಡ ಹೆಗಲಿಗೆ ಹಾಕು. ಊಟ ಯಾವ ಕೈಲಿ ಮಾಡ್ತೀಯ?"

"ಇದೇನು ಕೇಳ್ತೀಯ? ಬಲಗೈಲಿ. ಎಲ್ಲರ ಹಾಗೆ."

"ಚಿಕ್ಕವನಿದ್ದಾಗ?"

"ನೆನಪಿಲ್ಲ."

ಕಮ್ಮಾರ ಈಗ ಕೋವಿಯನ್ನು ಎತ್ತಿಕೊಂಡ. ಖಾಲಿ ತೋಟಾ ಹೊರಗೆ ಬರುವ ಕಂಡಿಯನ್ನು ತೋರಿಸಿದ. ಅದು ಬಲಗಡೆಗಿತ್ತು. "ಎಡ ಹೆಗಲಿಗೆ ಹಾಕಿದ್ರೆ ಇದು ನಿನ್ನ ಮುಖದ ಮುಂದೇ ಹಾರ್ತದೆ. ಬಿಸಿ ಇರ್ತದೆ. ಜೋಡುನಳಿಗೆಯಾದ್ರೆ ಈ ರಗಳೆ ಇರ್ಲಿಲ್ಲ. ಯಾಕೆ ಕೊಟ್ಟೆ?"

ರೈತ ಕೋವಿ ತೆಗೆದುಕೊಂಡು ಹೊರಟ. ಮನೆಗೆ ಬರುವ ದಾರಿಯಲ್ಲಿ ಅಕ್ಕನ ಊರಿತ್ತು. ಅಕ್ಕನ ಮನೆಗೆ ಹೋಗಿ ಕೇಳಿದ. ಅಕ್ಕ ಅವನಿಗಿಂತ ಎಂಟು ವರ್ಷ ದೊಡ್ಡವಳು.

"ನೀನು ಎಡಚನೇ ಕಣೋ" ಎಂದಳು ಅಕ್ಕ. "ಎಡಗೈಲಿ ತಟ್ಟೆಗೆ ಕೈ ಹಾಕ್ತಿದ್ದೆ. ಹೊಲಸು ಕೈ ಅಂತ ಅಪ್ಪ ಬೈತಿದ್ದ. ಆಮೇಲೆ ಊಟಕ್ಕೆ ಕೂತಾಗಲೆಲ್ಲ ಪಂಚೆ ಅಂಚು ಹರಿದು ಆ ಕೈನ ಸೊಂಟಕ್ಕೆ ಕಟ್ತಿದ್ದ. ಒಂದು ವರ್ಷ ಕಟ್ಟಿದ. ಮೊದಮೊದಲು ಅಳ್ತಿದ್ದೆ. ಆಮೇಲೆ ನೀನೇ ಕೈ ಹಿಂದಕ್ಕೆ ಇಟ್ಕೊಂಡು ಬಂದು ನಿಲ್ತಿದ್ದೆ, ಕಟ್ಟು ಅಂತ."

ರೈತ ತನ್ನ ಎಡಗೈಯನ್ನು ನೋಡಿಕೊಂಡ. ಅವನಿಗೆ ಏನೂ ನೆನಪಾಗಲಿಲ್ಲ.

ಅಪ್ಪ ಕೈಯನ್ನು ಕಟ್ಟಿದ. ಕೈ ಮಾತು ಕೇಳಿತು. ಕಣ್ಣನ್ನು ಯಾರೂ ಕಟ್ಟಲಿಲ್ಲ.

ರೈತ ದನದ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಖಾಲಿ ಕೋವಿಯನ್ನು ಎಡ ಹೆಗಲಿಗೆ ಎತ್ತಿ ಅಭ್ಯಾಸ ಮಾಡಿದ. ಮೂರು ವರ್ಷ ಬಲಗೈಗೆ ಬಾರದ್ದು ಮೂರು ದಿನದಲ್ಲಿ ಎಡಗೈಗೆ ಬಂತು. ಸಂತೋಷವಾಗಬೇಕಿತ್ತು. ಆಗಲಿಲ್ಲ. ಈ ಎಡಗೈ ತನ್ನದಾದರೆ, ಇಷ್ಟು ದಿನ ಉಂಡವನು, ಉತ್ತವನು, ಠಾವಿನಲ್ಲಿ ನಿಂತವನು ಯಾರು ಎಂದು ಗಲಿಬಿಲಿಯಾಯಿತು. ಅಪ್ಪನಿಗೆ ಹೇಳಲಿಲ್ಲ. ಆ ಕೆರೆಯ ಮೇಲೆ ಎಡಗೈಯಲ್ಲಿ ಕೋವಿ ಹಾರಿಸಿದವರು ಯಾರೂ ಇರಲಿಲ್ಲ. ಆಯುಧಕ್ಕೆ ಪೂಜೆ ಮಾಡುವ ಜನ. ಎಡಗೈಯಲ್ಲಿ ಆಯುಧ ಮುಟ್ಟುತ್ತಿರಲಿಲ್ಲ.

ಐದನೆಯ ದಿನ ಬಂತು. ಅಪ್ಪ ತಾನೂ ಬರುತ್ತೇನೆ ಎಂದ. ಕೈ ಹಿಡಿಸಿಕೊಂಡು ಏರಿ ಹತ್ತಿದ. ಮೂರನೆಯ ಠಾವಿನ ಹಿಂದೆ ಕಂಬಳಿ ಹಾಸಿಕೊಂಡು ಕುಳಿತ. ಅವನಿಗೆ ಹಕ್ಕಿ ಕಾಣುತ್ತಿರಲಿಲ್ಲ. ರೆಕ್ಕೆಯ ಸದ್ದು ಕೇಳುತ್ತಿತ್ತು.

ಬೆಳಕು ಹರಿಯಿತು. ಮೊದಲ ಹಿಂಡು ಬಂತು. ಅಪ್ಪನಿಗೆ ಕಾಣುವುದಿಲ್ಲ ಎಂದು ಗೊತ್ತಿತ್ತು. ಆದರೂ ರೈತ ಕೋವಿಯನ್ನು ಬಲ ಹೆಗಲಿಗೇ ಎತ್ತಿದ. ಮೂರು ಈಡು ಹಾರಿಸಿದ. ಮೂರೂ ಎಡಕ್ಕೆ ಹೋದವು. ಅತ್ತ ಇತ್ತ ಠಾವುಗಳಲ್ಲಿ ಹಕ್ಕಿಗಳು ಬಿದ್ದವು.

"ಇನ್ನೆರಡಿದೆ" ಎಂದ ಅಪ್ಪ ಹಿಂದಿನಿಂದ. ಅವನು ಎಣಿಸುತ್ತಿದ್ದ.

ಎರಡನೆಯ ಹಿಂಡು ಬಂತು. ಆ ವರ್ಷಕ್ಕೆ ಅದೇ ಕೊನೆಯದು. ಬೆದರಿದ ಹಕ್ಕಿಗಳು, ಎತ್ತರದಲ್ಲಿದ್ದವು. ರೈತ ಕೋವಿಯನ್ನು ಎಡ ಹೆಗಲಿಗೆ ಬದಲಾಯಿಸಿದ. ಎಡಗೈ ತನ್ನ ಜಾಗವನ್ನು ತಾನೇ ಹುಡುಕಿಕೊಂಡಿತು. ಈಡು ಹಾರಿತು. ಖಾಲಿ ತೋಟಾ ಹಾರಿ ಮುಖದ ಮುಂದೆ ಹಾದುಹೋಯಿತು. ಅದರ ಜೊತೆ ಬಂದ ಬಿಸಿ ಮದ್ದಿನ ಕಿಡಿ ಕೆನ್ನೆ ಸುಟ್ಟಿತು. ಅವನು ಕದಲಲಿಲ್ಲ. ಹಿಂಡಿನಿಂದ ಒಂದು ಹಕ್ಕಿ ಕಳಚಿ ನೀರಿಗೆ ಬಿತ್ತು.

ಆಮೇಲೆ ಐದನೆಯ ಠಾವಿನವನು ಕೂಗಿದ. "ಅದು ಎಡಗೈ ಈಡು. ನಾನು ನೋಡಿದೀನಿ. ಲೆಕ್ಕಕ್ಕಿಲ್ಲ." ಈ ಸಲ ಅವನು ಹಾಸ್ಯ ಮಾಡಲಿಲ್ಲ. ಅವನಿಗೆ ಠಾವಿಲ್ಲದ ಒಬ್ಬ ತಮ್ಮನಿದ್ದ.

ಎಲ್ಲರೂ ಮೂರನೆಯ ಠಾವಿಗೆ ಬಂದು ಸೇರಿದರು. ಕಟ್ಟಳೆಯಲ್ಲಿ ಕೈಯ ಮಾತು ಇರಲಿಲ್ಲ. ಇಂಥದ್ದು ಆಗಬಹುದೆಂದು ಹಿರಿಯರು ಎಣಿಸಿರಲಿಲ್ಲ. ತಿಳಿಯದ್ದನ್ನು ಏರಿಯ ಹಿರಿಯ ಗುರಿಕಾರನನ್ನು ಕೇಳುವುದು ರೂಢಿ. ಹಿರಿಯ ಗುರಿಕಾರ ಕಂಬಳಿಯ ಮೇಲೆ ಕುಳಿತಿದ್ದ.

"ಯಾವ ಕೈ?" ಎಂದ ಮುದುಕ.

"ಎಡಗೈ" ಎಂದರು.

ಲೆಕ್ಕಕ್ಕಿಲ್ಲ ಎಂದರೆ ಠಾವು ಹೋಗುತ್ತದೆ. ಲೆಕ್ಕಕ್ಕಿದೆ ಎಂದರೆ ಕೈ ಕಟ್ಟಿದ ಆ ಒಂದು ವರ್ಷ ಏನಾಗುತ್ತದೆ? ಮುದುಕ ಕೈ ಚಾಚಿದ. ಮಗ ತನ್ನ ಕೈ ಕೊಟ್ಟ. ಕೊಟ್ಟದ್ದು ಬಲಗೈ. ಮುದುಕ ಅದನ್ನು ಬಿಟ್ಟ. ತಡಕಾಡಿ ಇನ್ನೊಂದನ್ನು ಹಿಡಿದುಕೊಂಡ. ಮಣಿಕಟ್ಟಿನ ಸುತ್ತ ಬೆರಳಾಡಿಸಿದ. ಅಲ್ಲಿ ಗುರುತೇನೂ ಇರಲಿಲ್ಲ.

"ಹಕ್ಕಿ ನೀರಲ್ಲಿದೆ" ಎಂದ. "ತೇಲಿ ಹೋಗೋಕೆ ಮುಂಚೆ ತನ್ನಿ."

ತಂದರು. ಠಾವು ಉಳಿಯಿತು.

ಜೋಡುನಳಿಗೆ ಆಗಲೇ ಬೇರೆಯವರಿಗೆ ಮಾರಾಟವಾಗಿತ್ತು. ಬೇರೆ ಕೋವಿ ಕೊಳ್ಳಲು ಮನೆಯಲ್ಲಿ ಇನ್ನೊಂದು ಎಮ್ಮೆ ಇರಲಿಲ್ಲ. ಬಲಗೈಯವರಿಗೆ ಮಾಡಿದ ಆ ಕೋವಿಯನ್ನೇ ರೈತ ಎಡ ಹೆಗಲಿಗೆ ಹಾಕಿ ಬಾಳಿದ. ಪ್ರತಿ ಚಳಿಗಾಲವೂ ಅವನ ಬಲಗೆನ್ನೆಯಲ್ಲಿ ಒಂದೆರಡು ಸುಟ್ಟ ಕಲೆ ಇರುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕಾದ.

"ಗುರುಗಳೇ, ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ" ಎಂದ ಶಿಷ್ಯ. "ಕೋವಿ ಬದಲಾಯಿಸಿದರೆ ಆಗದು ಎಂದಿರಿ. ಉತ್ತರಕ್ಕೆ ಹೋಗಬೇಡ ಎಂದ ಹಾಗಾಯಿತು. ಗುರಿ ಹಿಡಿಯುವ ಕಣ್ಣು ಯಾವುದೆಂದು ನೋಡು ಎಂದಿರಿ. ಅದೂ ಆಯಿತು. ಆದರೆ ಆ ರೈತನ ಕೈಯನ್ನು ಒಬ್ಬರು ಕಟ್ಟಿದ್ದರು. ನನ್ನನ್ನು ಯಾರೂ ಕಟ್ಟಿಲ್ಲ. ನಾನಾಗಿಯೇ ಇಲ್ಲಿಗೆ ಬಂದವನು ನಾನು."

"ರೈತನಿಗೂ ನೆನಪಿರಲಿಲ್ಲ."

"ಅವನಿಗೆ ಹೇಳಲು ಅಕ್ಕ ಇದ್ದಳು. ನನಗೆ ಹೇಳುವವರು ಯಾರಿದ್ದಾರೆ?"

ಗುರುಗಳು ತಲೆ ತಗ್ಗಿಸಿದರು. ಶಿಷ್ಯ ಅವರನ್ನು ಹಾಗೆ ನೋಡಿದ್ದು ಅದೇ ಮೊದಲು.

"ಬಂದ ದಿನ ನೀನು ಬಾಗಿಲಲ್ಲಿ ಹಾಡುತ್ತಾ ನಿಂತಿದ್ದೆ, ಇಲ್ಲಿ ಹಾಡಬೇಡ ಎಂದವನು ನಾನು."